ಹಕ್ಕಿ ಹೋದ ದಿನವನ್ನೂ ಬರೆದಿಡಬೇಕು: ತುಂಗಭದ್ರಾ ಹಿನ್ನೀರಿನಲ್ಲಿ ನನ್ನ ಬೇಸಿಗೆಗಳು

ಡಿಸೆಂಬರಿನಲ್ಲಿ ತುಂಗಭದ್ರಾ ಹಿನ್ನೀರಿಗೆ ಹಕ್ಕಿ ನೋಡಲು ಬರುವವರು ಬಹಳ. ಶಿವರಾತ್ರಿ ಕಳೆಯಿತೆಂದರೆ ದಂಡೆ ಖಾಲಿ. 'ಸೀಸನ್ ಮುಗೀತು' ಅಂದು ದುರ್ಬೀನು ಪೆಟ್ಟಿಗೆಗೆ ಸೇರಿಸುತ್ತಾರೆ. ಮೊದಲ ಎರಡು ವರ್ಷ ನಾನೂ ಹಾಗೇ ಮಾಡಿದೆ. ಮೂರನೇ ವರ್ಷ ಹಳೆಯ ನೋಟ್‌ಬುಕ್ ತಿರುವುವಾಗ ಒಂದು ಕೊರತೆ ಕಣ್ಣಿಗೆ ಬಿತ್ತು. ಚಳಿಗಾಲಕ್ಕೆ ಇಲ್ಲಿಗೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತು ಬಂದ ದಿನ ಬರೆದಿದ್ದೆ, ಹೋದ ದಿನ ಎಲ್ಲೂ ಇರಲಿಲ್ಲ. ಫೆಬ್ರವರಿ ನಡುವಿನಿಂದ ಪುಟ ಬರಿದು. ಆಗ ಹಕ್ಕಿ ಹೋಗಿತ್ತೋ, ನಾನೇ ಹೋಗುವುದು ಬಿಟ್ಟಿದ್ದೆನೋ, ಆ ಪುಟ ನೋಡಿ ಹೇಳುವುದು ಸಾಧ್ಯವಿರಲಿಲ್ಲ. ಅಂದಿನಿಂದ ಏಪ್ರಿಲ್ ಮುಗಿಯುವವರೆಗೆ ಪ್ರತಿ ಭಾನುವಾರ ಒಂದೇ ಜಾಗ, ಒಂದೇ ಹೊತ್ತು.

ನನ್ನ ಜಾಗ ಕೊಪ್ಪಳದ ಕಡೆಯ ದಂಡೆ. ಮಳೆಗಾಲದಲ್ಲಿ 1,633 ಅಡಿವರೆಗೆ ತುಂಬುವ ಜಲಾಶಯ ಕಾಲುವೆಗಳಿಗೆ ನೀರು ಬಿಟ್ಟಂತೆಲ್ಲ ಇಳಿಯುತ್ತ ಹೋಗುತ್ತದೆ. ಫೆಬ್ರವರಿ ಹೊತ್ತಿಗೆ ನೀರು ಹಿಂದೆ ಸರಿದ ಕಡೆ ಹೂಳು ಮೇಲೆ ಬಂದು, ಅದರ ಮೇಲೆ ಎಳೆ ಹುಲ್ಲು ಹಬ್ಬಿರುತ್ತದೆ. ಹೆಬ್ಬಾತಿಗೆ ಬೇಕಾದದ್ದು ಅದೇ ಹುಲ್ಲು. ಹಾಗಾಗಿ ನೀರಿನ ಅಂಚು ವಾರವಾರ ಎಲ್ಲಿಗೆ ಸರಿದಿದೆ ಅಂತ ಮೊದಲು ನೋಡಿಕೊಳ್ಳುತ್ತೇನೆ. ಅಂಚು ಎಲ್ಲಿಯೋ ಹಕ್ಕಿ ಅಲ್ಲಿ.

ಮನೆಯಿಂದ ಐದಕ್ಕೆಲ್ಲ ಬೈಕ್ ಹತ್ತುತ್ತೇನೆ. ಮಾರ್ಚಿನಲ್ಲಿ ಒಂಬತ್ತರ ನಂತರ ಎಣಿಕೆ ಮಾಡಬಾರದು. ನೆಲದಿಂದ ಝಳ ಏಳತೊಡಗಿದರೆ ದುರ್ಬೀನಿನಲ್ಲಿ ಬಾತು ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ, ಎಲ್ಲವೂ ನೀರಿನಂತೆ ಅಲುಗುತ್ತವೆ. ಬಿಸಿಲು ಬೆನ್ನಿಗೆ ಬರುವ ಹಾಗೆ ನಿಲ್ಲುವುದು, ಎರಡು ಲೀಟರ್ ನೀರು, ತಲೆಗೆ ಟವೆಲ್, ಇಷ್ಟು ಸಾಕು. 8×42 ದುರ್ಬೀನು ನನಗೆ ಇಂದಿಗೂ ಸಾಲುತ್ತಿದೆ.

ಹತ್ತಿರ ಹೋಗುವುದು ಹೇಗೆ ಅನ್ನುವುದನ್ನು ಕಲಿಸಿದವರು ಅಲ್ಲಿ ಕುರಿ ಮೇಯಿಸುವ ಒಬ್ಬ ಅಜ್ಜ. ನಾನು ಬಗ್ಗಿ ಬಗ್ಗಿ ಹೂಳಿನ ಮೇಲೆ ಹೋಗಿ ಮೊಣಕಾಲವರೆಗೆ ರಾಡಿಯಲ್ಲಿ ಹುಗಿದುಕೊಂಡಿದ್ದೆ. ಹಿಂಡು ಪೂರ್ತಿ ಎದ್ದು ಹಾರಿತ್ತು. ಅಜ್ಜ ತನ್ನ ಕೋಲು ಚಾಚಿ ನನ್ನನ್ನು ಎಳೆದು ನಿಲ್ಲಿಸಿ, "ಅವು ಕುರಿಗೆ ಅಂಜೂದಿಲ್ಲ ತಮ್ಮಾ, ಹಿಂಗ ಕದ್ದು ಬರೋರಿಗೆ ಅಂಜತಾವು. ನೆಟ್ಟಗ ನಿಂತು ಕುರಿ ಸಂಗಾಟ ನಡಿ" ಅಂದರು. ಮುಂದಿನ ವಾರ ಅವರ ಕುರಿಗಳ ಹಿಂದೆ ನಿಧಾನಕ್ಕೆ ನಡೆದೆ. ಅಷ್ಟು ಹತ್ತಿರದಿಂದ ಹೆಬ್ಬಾತು ನೋಡಿದ್ದು ಅದೇ ಮೊದಲು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟಿ, ಮೇಲಿನದು ಕಣ್ಣಿನಿಂದ ಕಣ್ಣಿಗೆ, ಕೆಳಗಿನದು ಅದಕ್ಕಿಂತ ಗಿಡ್ಡ. ಹುಲ್ಲು ಕೀಳುವ 'ಚರ್ ಚರ್' ಸದ್ದು ಕೇಳುತ್ತಿತ್ತು. ಹತ್ತು ಹಕ್ಕಿ ಮೇಯುತ್ತಿದ್ದರೆ ಒಂದಾದರೂ ಕುತ್ತಿಗೆ ಎತ್ತಿ ಕಾವಲು ನಿಂತಿರುತ್ತಿತ್ತು.

ಎಣಿಸುವುದಕ್ಕೆ ನನ್ನ ಲೆಕ್ಕ ಸುಲಭ. ಮೊದಲು ಹತ್ತು ಹಕ್ಕಿ ಸರಿಯಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲಿ ಅಳತೆ ಇಟ್ಟುಕೊಳ್ಳುವುದು, ಅದೇ ಅಳತೆಯನ್ನು ಹಿಂಡಿನ ತುದಿಯವರೆಗೆ ಸರಿಸುತ್ತ ಹೋಗುವುದು. ಎರಡು ಸಲ ಮಾಡಿ ಎರಡನ್ನೂ ಬರೆಯುತ್ತೇನೆ. ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ ಇದೆಯಾ ಅಂತಲೂ ಒಂದೊಂದೇ ನೋಡಬೇಕು, ಮಂಗೋಲಿಯಾದಲ್ಲಿ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನನಗೆ ಇನ್ನೂ ಸಿಕ್ಕಿಲ್ಲ, ಸಿಗಲಿ ಅಂತ ತುಂಬಾ ಆಸೆಯಿದೆ.

ಹೋಗುವ ಕಾಲದಲ್ಲಿ ಹಕ್ಕಿ ನೋಡುವುದಕ್ಕೆ ಇನ್ನೊಂದು ದೊಡ್ಡ ಕಾರಣ ಬಣ್ಣ. ಡಿಸೆಂಬರಿನಲ್ಲಿ ಬಿಳಿಹುಬ್ಬಿನ ಬಾತುಗಳಲ್ಲಿ ಗಂಡು ಹೆಣ್ಣು ಎರಡೂ ಕಂದು, ಎಷ್ಟು ನೋಡಿದರೂ ಬೇರೆ ಮಾಡುವುದು ಕಷ್ಟ. ಮಾರ್ಚಿಗೆ ಬಂದರೆ ಗಂಡಿನ ಕಣ್ಣ ಮೇಲಿಂದ ಕತ್ತಿನವರೆಗೆ ಸುಣ್ಣದಲ್ಲಿ ಗೀರೆಳೆದಂತೆ ಬಿಳಿ ಹುಬ್ಬು. ಕಪ್ಪುಬಾಲದ ಗೊರವದ ಕತ್ತಿಗೆ ಇಟ್ಟಿಗೆ ಕೆಂಪು ಏರುತ್ತದೆ. ಹಳದಿ ಸಿಪಿಲೆ ಆಗ ನಿಜಕ್ಕೂ ಹಳದಿ. ಗುಲಾಬಿ ಕಬ್ಬಕ್ಕಿಯಂತೂ ಚಳಿಗಾಲದಲ್ಲಿ ಬಿಳಿಜೋಳದ ಹೊಲದಲ್ಲಿ ಮಾಸಿದ ಬಣ್ಣದಲ್ಲಿ ತಿರುಗಿ ರೈತರಿಂದ ಕವಣೆ ಕಲ್ಲು ತಿಂದಿರುತ್ತದೆ. ಮುತ್ತುಗ ಅರಳುವ ಹೊತ್ತಿಗೆ ಹೂವಿಗೆ ಮುತ್ತಿದ ಅದೇ ಹಕ್ಕಿಯ ಮೈ ಗುಲಾಬಿ, ತಲೆ ಮಿರಿಮಿರಿ ಕಪ್ಪು. ಸಂಜೆಗೆ ಬಳ್ಳಾರಿ ಜಾಲಿಯ ಮುಳ್ಳಿನೊಳಗೆ ಸೇರಿ ಗಲಗಲ ಎನ್ನುತ್ತವೆ. ಮರಿ ಮಾಡುವುದು ಮಧ್ಯ ಏಷ್ಯಾದ ಬಯಲುಗಳಲ್ಲಿ, ಆದರೆ ಆ ಸಿಂಗಾರ ಹೂಡುವುದು ನಮ್ಮೂರಲ್ಲೇ. ಇದನ್ನು ಕಾಣದೆ ಕಳೆದ ಎರಡು ವರ್ಷಕ್ಕೆ ನನಗೆ ಈಗಲೂ ಬೇಸರವಿದೆ.

ಒಂದು ಎಚ್ಚರಿಕೆ. ವಲಸೆ ಹಕ್ಕಿ ಹೊರಡುವ ಇದೇ ತಿಂಗಳುಗಳಲ್ಲಿ ಟಿಟ್ಟಿಭ, ನದಿ ರೀವಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಮೊಟ್ಟೆ ಬೆಣಚುಕಲ್ಲಿನಂತೆಯೇ ಇರುತ್ತದೆ. ಟಿಟ್ಟಿಭ ತಲೆಯ ಮೇಲೆ ಕಿರುಚಿ ಸುತ್ತುತ್ತಿದ್ದರೆ ಫೋಟೋ ಬಿಟ್ಟು ಬಂದ ದಾರಿಯಲ್ಲೇ ಹಿಂದಿರುಗಿ. ಬಯಲಿನ ಒಳಗೆ ಗಾಡಿ ಇಳಿಸಲೇಬೇಡಿ.

2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಮುಖ್ಯ ಜೌಗು ನೆಲೆಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸರ್ ಮನ್ನಣೆ ಸಿಕ್ಕಿತು. ಕೇಳಿ ಖುಷಿಪಟ್ಟೆ. ನಾನು ನಿಲ್ಲುವ ದಂಡೆಗೆ ಅಂಥ ಹೆಸರಿಲ್ಲ, ಆದ್ದರಿಂದಲೇ ಇಲ್ಲಿಯ ಲೆಕ್ಕ ತಪ್ಪದೆ ಹಕ್ಕಿ ನೋಡುವವರು ತಮ್ಮ ಎಣಿಕೆ ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಹಾಕುತ್ತೇನೆ.

ಹೊರಡುವ ಮುಂಚಿನ ದಿನಗಳಲ್ಲಿ ಹೆಬ್ಬಾತುಗಳ ನಡತೆ ಬದಲಾಗುವುದನ್ನು ನಾನು ಕಂಡಿದ್ದೇನೆ. ಸಂಜೆ ಕಾರಣವಿಲ್ಲದೆ ಏಳುತ್ತವೆ, ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತವೆ, ಕೂಗು ಜೋರಾಗುತ್ತದೆ. ಮುಂದೆ ದಾಟಬೇಕಾದದ್ದು ಹಿಮಾಲಯ. ಅಲ್ಲಿ ಅವು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತವೆ, ತಂಪು ಗಾಳಿ ದಟ್ಟವಾಗಿದ್ದು ರೆಕ್ಕೆಗೆ ಹಿಡಿತ ಸಿಗುತ್ತದೆ. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಈ ಹುಲ್ಲು ತಿಂದು ಬೆಳೆಸಿಕೊಂಡ ಕೊಬ್ಬೇ ಆ ದಾರಿಯ ಬುತ್ತಿ.

ಹೋದ ವರ್ಷ ಯುಗಾದಿಯ ನಂತರದ ಭಾನುವಾರ ದಂಡೆಯಲ್ಲಿ ಒಂದು ಹೆಬ್ಬಾತೂ ಇರಲಿಲ್ಲ. ಒಣಗಿದ ಹಿಕ್ಕೆ, ಎರಡು ಬೂದು ಗರಿ, ಅಷ್ಟೇ. ಒಂಬತ್ತರವರೆಗೆ ಕಾದೆ. ಅಜ್ಜ ಕುರಿ ಹೊಡೆದುಕೊಂಡು ಬಂದರು.

"ಎಷ್ಟು ಅದಾವು ಇವತ್ತು?"

"ಒಂದೂ ಇಲ್ಲ ಅಜ್ಜಾರ."

"ಬರಕೊಂಡಿ ಇಲ್ಲೋ?"

ಸೊನ್ನೆ ಬರೆದಿದ್ದ ಪುಟ ತೋರಿಸಿದೆ.