ಒಳಗೆ–ಹೊರಗೆ ಆಟದಿಂದ ಹುಟ್ಟಿದ ನನ್ನ ಇಸ್ಪೀಟು ಜಾದೂ

ಈಗ ನನ್ನ ಮುಕ್ಕಾಲು ಗಂಟೆಯ ಷೋನಲ್ಲಿ ದುಡ್ಡು ಕೊಟ್ಟು ತಂದ ಟ್ರಿಕ್ ಒಂದೂ ಇಲ್ಲ. ಎಲ್ಲವೂ ನಾನೇ ಕಟ್ಟಿದ್ದು. ಮಂಡ್ಯದಲ್ಲಿ ಕೂತ್ಕೊಂಡು ಇದೆಲ್ಲ ಆಗೋ ಮಾತಲ್ಲ ಅಂದವರು ಬಹಳ ಜನ, ಅದರಲ್ಲಿ ನಾನು ಗೌರವಿಸುವ ಹಿರಿಯರೂ ಇದ್ದರು. ಆಗಿದೆ. ಹೇಗಾಯ್ತು ಅಂತ ಬರೀತಿದೀನಿ. ಡಬಲ್ ಲಿಫ್ಟ್ (ಎರಡು ಎಲೆ ಒಂದೇ ಅನ್ನೋ ಹಾಗೆ ಎತ್ತೋದು), ಕ್ರಿಂಪ್ (ಎಲೆಯ ಮೂಲೆ ಚೂರು ಬಗ್ಗಿಸಿ ಗುರುತು ಮಾಡೋದು), ಕೀ ಕಾರ್ಡ್ (ಗುರುತಿಗೆ ಇಟ್ಟುಕೊಂಡ ಎಲೆ) ಇವನ್ನೆಲ್ಲ ಇದಕ್ಕಿಂತ ಬಿಡಿಸಿ ಹೇಳೋಲ್ಲ. ಇದು ಕೈಗೆ ಇಸ್ಪೀಟು ಕಟ್ಟು ಒಗ್ಗಿದವರಿಗೆ.

ಮೊದಲು ದುಡ್ಡಿನ ಲೆಕ್ಕ. ಏಳೆಂಟು ವರ್ಷ ಗಿಮಿಕ್ ಕಟ್ಟುಗಳು (ಉಪಾಯ ಎಲೆಯಲ್ಲೇ ಅಡಗಿಸಿ ಮಾರೋವು), ಡಿವಿಡಿಗಳು, ಆಮೇಲೆ ಡೌನ್‌ಲೋಡುಗಳು ಅಂತ ಮೂವತ್ತೈದು ನಲವತ್ತು ಸಾವಿರ ಸುರಿದಿದ್ದೆ. ಬೈಸಿಕಲ್ ಬ್ರ್ಯಾಂಡಿನ ಕಟ್ಟು ಒಂದಕ್ಕೆ ಆಗ ನಾನೂರು ಐನೂರು. ಛತ್ರದಲ್ಲಿ ಊಟ ಮುಗಿಸಿ ಬಂದ ಕೈಗಳಿಗೆ ಎಲೆ ಕೊಟ್ಟರೆ ಎರಡೇ ಷೋಗೆ ಅಂಟಂಟು. ಹೋಗಲಿ, ಅಷ್ಟು ಖರ್ಚಿಗೆ ಫಲ ಸಿಕ್ಕಿತಾ ಅಂದರೆ ಅದೂ ಇಲ್ಲ. ಅಮೆರಿಕದ ಕ್ಯಾಸಿನೋ ಜೂಜುಗಾರನ ಕಥೆ ಹೇಳಿಕೊಂಡು ನಾಲ್ಕು ಎಕ್ಕ ಎತ್ತಿ ತೋರಿಸಿದರೆ ಮದ್ದೂರಿನ ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ ಐಸ್‌ಕ್ರೀಮ್ ಕಡೆ ಹೋಗೋರು.

ಸ್ವಂತದ್ದು ಮಾಡೋಣ ಅಂತ ಹೊರಟಾಗ ಎಲ್ಲರೂ ಹೇಳೋ ದಾರಿಯಲ್ಲೇ ಹೋದೆ. ಹೊಸ ಕೈಚಳಕ ಕಲಿ, ಅದಕ್ಕೊಂದು ಟ್ರಿಕ್ ಹುಡುಕು. ಇಲ್ಲಾ, ಎರಡು ಹಳೇ ಟ್ರಿಕ್ ಸೇರಿಸಿ ಒಂದು ಮಾಡು. ಎರಡು ವರ್ಷ ಇದರಲ್ಲೇ ಹೋಯ್ತು. ಹುಟ್ಟಿದ್ದೆಲ್ಲ ಯಾರದ್ದೋ ಟ್ರಿಕ್ಕಿನ ತಮ್ಮನ ಹಾಗಿರೋದು. ಕೈಚಳಕದಿಂದ ಶುರು ಮಾಡಿದರೆ ಕೈಚಳಕದಲ್ಲೇ ಮುಗಿಯುತ್ತೆ. ನೋಡೋರಿಗೆ ಅದು ಕಾಣಲೇ ಬಾರದು ಅಂದಮೇಲೆ ಅವರಿಗೆ ಅದರಿಂದ ಸಿಗೋದಾದರೂ ಏನು?

ದಾರಿ ಕಂಡಿದ್ದು ಯುಗಾದಿ ಮಾರನೇ ದಿನ, ಹೊಸತೊಡಕಿನಲ್ಲಿ. ನಮ್ಮ ಕಡೆ ಅವತ್ತು ಬಾಡೂಟ ಆದಮೇಲೆ ಅರಳೀಕಟ್ಟೆ ಮೇಲೆ ಅಂದರ್ ಬಾಹರ್ (ಮೊದಲು ತೆಗೆದಿಟ್ಟ ಎಲೆಗೆ ಜೊತೆ ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅಂತ ಪಂದ್ಯ ಕಟ್ಟೋ ಆಟ) ಕೂರೋದು ಎಲ್ಲರಿಗೂ ಗೊತ್ತು. ನಾನು ಆಡೋಲ್ಲ, ನಿಂತು ನೋಡ್ತಿದ್ದೆ. ಒಳಗೆ ಒಂದು, ಹೊರಗೆ ಒಂದು, ಒಳಗೆ ಒಂದು, ಹೊರಗೆ ಒಂದು. ನಲವತ್ತು ಜನ ಉಸಿರು ಬಿಗಿಹಿಡಿದು ಒಂದು ಎಲೆ ತಿರುಗೋದನ್ನೇ ಕಾಯ್ತಿದ್ದರು. ಎಲೆ ಹಾಕೋನ ಮುಖ ಯಾರೂ ನೋಡ್ತಿರಲಿಲ್ಲ. ಅವನ ಎಡಗೈ ಅಂತೂ ಅಲ್ಲಿ ಇದೆ ಅನ್ನೋದೇ ಯಾರಿಗೂ ನೆನಪಿರಲಿಲ್ಲ. ನಾನು ಷೋನಲ್ಲಿ ಬಾಯಿ ನೋಯಿಸಿಕೊಂಡು ಸೆಳೀತಿದ್ದ ಗಮನ ಇಲ್ಲಿ ತಾನಾಗೇ ಬಂದು ಕೂತಿತ್ತು. ಜನಕ್ಕೆ ಈಗಾಗಲೇ ಎದೆ ಹೊಡ್ಕೊಳ್ಳೋ ಎಲೆ ಆಟ ಇರುವಾಗ ನಾನು ಇನ್ಯಾವುದೋ ದೇಶದ ಕಥೆ ಯಾಕೆ ಹೊರಬೇಕು?

ಅವತ್ತಿನಿಂದ ಒಂದು ನೋಟ್‌ಬುಕ್. ಎಡಪುಟದಲ್ಲಿ ಸಂದರ್ಭ ಮಾತ್ರ: ಎಲ್ಲಿ, ಯಾರು, ಯಾವ ಎಲೆಗೆ ಕಾಯ್ತಿದ್ದಾರೆ, ಏನಾದರೆ ಅವರು ಎದ್ದು ನಿಲ್ಲುತ್ತಾರೆ. ಬಲಪುಟ ಖಾಲಿ. ಉಪಾಯ ಹೊಳೆದ ದಿನ ಅದು ತುಂಬುತ್ತೆ. ಬಲಪುಟ ಮೊದಲು ಬರೆಯೋ ಹಾಗೇ ಇಲ್ಲ, ಇದೊಂದು ನಿಯಮ ನಾನು ಮುರಿಯೋಲ್ಲ.

ಅಂದರ್ ಬಾಹರ್‌ನ ಬಲಪುಟ ತುಂಬೋಕೆ ನಾಲ್ಕೈದು ತಿಂಗಳು ಹಿಡೀತು. ಒಂದು ಒಳಗೆ ಒಂದು ಹೊರಗೆ ಅಂದರೆ ಎಲೆಗಳು ಜೋಡಿ ಜೋಡಿಯಾಗಿ ಬೀಳ್ತಿವೆ. ಜೋಡಿ ಅಂದಕೂಡಲೇ ಅಮೆರಿಕದ ಜಾದೂಗಾರ ನಾರ್ಮನ್ ಗಿಲ್‌ಬ್ರೆತ್ 1958ರಲ್ಲಿ ಪ್ರಕಟಿಸಿದ ತತ್ತ್ವ ನೆನಪಾಗಬೇಕು. ಕೆಂಪು ಕಪ್ಪು ಕೆಂಪು ಕಪ್ಪು ಜೋಡಿಸಿದ ಕಟ್ಟಿನ ಒಂದು ಭಾಗವನ್ನು ತಿರುವುಮುರುವು ಮಾಡಿ, ಎರಡು ಭಾಗವನ್ನೂ ಒಂದು ಸಲ ರಿಫಲ್ (ಅಂಚು ಬಿಡ್ತಾ ಒಂದರೊಳಗೊಂದು ಸೇರಿಸಿ ಕಲೆಸೋದು) ಮಾಡಿಸಿದರೂ ಪ್ರತಿ ಜೋಡಿಯಲ್ಲಿ ಒಂದು ಕೆಂಪು ಒಂದು ಕಪ್ಪು ಇದ್ದೇ ಇರುತ್ತೆ. ಯಾವ ಜೋಡಿ ಮುಗಿದಾಗ ನಿಲ್ಲಿಸಿದರೂ ಒಳಗೆ ಕೆಂಪು ಎಷ್ಟೋ ಹೊರಗೆ ಕಪ್ಪು ಅಷ್ಟೇ.

ಮನೆಯಲ್ಲಿ ಚಿನ್ನದ ಹಾಗೆ ಕೆಲಸ ಮಾಡ್ತಿದ್ದದ್ದು ಹೊರಗೆ ಬಂದಕೂಡಲೇ ಕೈಕೊಡ್ತು. ನಮ್ಮ ಕಡೆ ರಿಫಲ್ ಮಾಡೋರು ಯಾರಿದಾರೆ? ಕಟ್ಟು ಕೊಟ್ಟರೆ ಅಂಗೈಲಿಟ್ಟು ಚಕಚಕ ಮೇಲಿನದ್ದು ಕೆಳಗೆ ಎಳೆದು ಕಲೆಸಿಬಿಡ್ತಾರೆ. ಜೋಡಣೆ ಮಣ್ಣುಪಾಲು. 'ಹಿಂಗೆ ಕಲೆಸಿ' ಅಂತ ಹೇಳಿಕೊಡೋಕೆ ಹೋದರೆ 'ಯಾಕಣ್ಣ, ನಮ್ಗೆ ಎಲೆ ಕಲ್ಸಕ್ಕೆ ಬರಕಿಲ್ವಾ?' ಅಂತ ಮುಖ ಊದಿಸ್ತಾರೆ. ನಾನೇ ರಿಫಲ್ ಮಾಡಿದರೆ ಮೋಸ ಅಂತಾರೆ, ಅದೂ ಇಸ್ಪೀಟಿನಲ್ಲಿ ಹೊಲ ಕಳಕೊಂಡವರ ಮಕ್ಕಳ ಎದುರು. ಈ ಒಂದು ಗಂಟು ಬಿಚ್ಚೋಕೆ ಹೆಚ್ಚುಕಡಿಮೆ ಇನ್ನೊಂದು ವರ್ಷ ಬೇಕಾಯ್ತು.

ಬಿಚ್ಚಿದ್ದು ಹೀಗೆ. ಕೆಂಪು ಕಪ್ಪು ಜೋಡಿಸಿದ ಇಪ್ಪತ್ತೇ ಎಲೆ. ಬಂದವರ ಕೈಗೆ ಕೊಟ್ಟು 'ಒಂದೊಂದಾಗಿ ಮೇಜಿನ ಮೇಲೆ ಹಾಕ್ತಾ ಹೋಗಿ, ಸಾಕು ಅನ್ನಿಸಿದಾಗ ನಿಲ್ಸಿ' ಅಂತೀನಿ. ಹಾಕಿದ್ದು ಒಂದು, ಕೈಯಲ್ಲಿ ಉಳಿದಿದ್ದು ಒಂದು, ಎರಡು ಗುಡ್ಡೆ ಆಯ್ತು. ಹಾಕಿದ ಗುಡ್ಡೆ ತಾನೇ ತಿರುವುಮುರುವಾಗಿರುತ್ತೆ, ಗಿಲ್‌ಬ್ರೆತ್‌ಗೆ ಬೇಕಾದ್ದು ಅಷ್ಟೇ. ಈಗ ಯಾವ ಗುಡ್ಡೆಯಿಂದ ಬೇಕಾದರೂ ಮೇಲಿನ ಎಲೆ ಎತ್ತಿ ಮಗುಚಿದ ಹಾಗೇ ಒಳಗೆ ಒಂದು, ಹೊರಗೆ ಒಂದು ಹಾಕ್ತಾ ಹೋಗಬೇಕು. ಎಡದಿಂದ ಮೂರು ಎತ್ತಿ ಬಲದಿಂದ ಒಂದು ಎತ್ತಲಿ, ಮನಸ್ಸು ಬದಲಾಯಿಸಲಿ, ಪಕ್ಕದವರನ್ನು ಕೇಳಲಿ, ಏನೂ ಕೆಡೋಲ್ಲ. ಕಲೆಸೋದೂ ಆಡೋದೂ ಒಂದೇ ಕೆಲಸ ಆಗಿಹೋಯ್ತು. ನಾನು ಎಲೆ ಮುಟ್ಟೋದೇ ಇಲ್ಲ. ಕೊನೆಗೆ ಅವರೇ ತಿರುಗಿಸಿ ನೋಡಿದರೆ ಸಾಲು ಸಾಲಾಗಿ ಒಳಗಿನದ್ದಕ್ಕೆ ಹೊರಗಿನದ್ದು ಉಲ್ಟಾ ಬಣ್ಣ. ಈ ಮಟ್ಟಕ್ಕೆ ಇಳಿಸಿದ ಅಂದರ್ ಬಾಹರ್ ಟ್ರಿಕ್ ಬೇರೆ ಯಾರ ಕೈಯಲ್ಲೂ ನಾನು ನೋಡಿಲ್ಲ. ಇದಾದಮೇಲೆ ಬೇರೆಯಾಗಿ ತೆಗೆದಿಟ್ಟ ಒಂದೇ ಎಲೆಗೆ ಜೊತೆ ಎಲೆ ಯಾವ ಕಡೆ ಬೀಳುತ್ತೆ ಅಂತ ಮೊದಲೇ ಚೀಟಿ ಬರೆದಿಡ್ತೀನಿ. ಅದರ ಕೀಲಿ ಇಲ್ಲಿ ಬರೆಯೋಲ್ಲ, ಕ್ಷಮಿಸಿ. ನನ್ನ ಅನ್ನ ಅದರಲ್ಲಿದೆ.

ಇದನ್ನು ಮೈಸೂರಿನ ಹಿರಿಯ ಜಾದೂಗಾರರೊಬ್ಬರಿಗೆ ಮಾಡಿ ತೋರಿಸಿದಾಗ 'ಜೂಜಾಟ ತಂದು ಸ್ಟೇಜ್ ಮೇಲಿಟ್ಟರೆ ಮದುವೆ ಮನೆಯವರು ಬಾಗಿಲಿಗೂ ಸೇರಿಸೋಲ್ಲಪ್ಪ' ಅಂದರು. ಅದಕ್ಕೇ ದುಡ್ಡಿನ ಬದಲು ಹುಣಸೆಬೀಜ ಪಂದ್ಯ ಕಟ್ಟಿಸಿದೆ. ಹಿಡಿ ಹಿಡಿ ಹುಣಸೆಬೀಜ ಮೇಜಿನ ಮೇಲೆ ಸುರಿದ ಮರುಕ್ಷಣ ಅಜ್ಜಿಯರೂ ಮಕ್ಕಳೂ ಮುಂದೆ ಬಂದು ಕೂರ್ತಾರೆ. ಪಾಂಡವಪುರದ ಒಂದು ಬೀಗರೂಟದಲ್ಲಿ ಮೊದಲ ಸಲ ಮಾಡಿದಾಗ ಎಂಬತ್ತು ದಾಟಿದ ಅಜ್ಜನೊಬ್ಬ ಎಲ್ಲಾ ಇಪ್ಪತ್ತು ಎಲೆ ಮೂಸಿ, ಬೆಳಕಿಗೆ ಹಿಡಿದು ನೋಡಿ, 'ಲೋ ಮಗಾ, ಇದು ಮಾಟ ಅಲ್ವಲ್ಲಾ?' ಅಂದ. ಆಗ ನನ್ನ ರೇಟು ಒಂದೂವರೆ ಸಾವಿರ. ಈಗ ಏಳೆಂಟು ಸಾವಿರಕ್ಕೆ ಕಡಿಮೆ ಒಪ್ಪೋಲ್ಲ, ಮಾಘ ಮಾಸದಲ್ಲಿ ತಾರೀಖು ಸಿಗೋದೂ ಕಷ್ಟ.

ಎರಡನೇ ಟ್ರಿಕ್ ರೈಲಿನಲ್ಲಿ ಹುಟ್ಟಿತು. ಮೈಸೂರು–ಬೆಂಗಳೂರು ಪ್ಯಾಸೆಂಜರ್‌ನಲ್ಲಿ ಪಾಸಿನವರು ತೊಡೆ ಮೇಲೆ ಬ್ಯಾಗಿಟ್ಟು ಇಪ್ಪತ್ತೆಂಟು ಅನ್ನೋ ಇಸ್ಪೀಟು ಆಟ ಆಡ್ತಾರಲ್ಲ, ಅಲ್ಲಿ. ಅವರಿಗೆ ನಾಲ್ಕು ಎಕ್ಕ ತೋರಿಸಿದರೆ ಏನೂ ಅನ್ನಿಸೋಲ್ಲ. ಇಪ್ಪತ್ತೆಂಟರಲ್ಲಿ ಎಕ್ಕಕ್ಕೆ ಒಂದೇ ಪಾಯಿಂಟು, ರಾಜ ರಾಣಿಗೆ ಸೊನ್ನೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು. ಹಾಗಾಗಿ ನನ್ನ ಹಳೇ ಎಕ್ಕದ ಟ್ರಿಕ್ಕಿನಲ್ಲಿ ಎಕ್ಕ ತೆಗೆದು ಗುಲಾಮ ಹಾಕಿದೆ, ಇನ್ನೇನೂ ಬದಲಾಯಿಸಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟೋದರೊಳಗೆ ಇಡೀ ಬೋಗಿ ಎದ್ದು ನಿಂತಿತ್ತು. ಅವರ ಆಟಕ್ಕೆ 32 ಎಲೆ ಸಾಕು ಅನ್ನೋದೂ ನಮಗೆ ಲಾಭವೇ. 52ಕ್ಕೆ ಎಂಟು ಔಟ್ ಫಾರೋ (ಕಟ್ಟನ್ನು ಸರಿಯಾಗಿ ಅರ್ಧ ಮಾಡಿ, ಮೇಲಿನ ಎಲೆ ಮೇಲೇ ಉಳಿಯೋ ಹಾಗೆ ಒಂದು ಬಿಟ್ಟು ಒಂದು ಹೆಣೆಯೋದು) ಬೇಕಾದರೆ 32ಕ್ಕೆ ಐದರಲ್ಲೇ ಕಟ್ಟು ಮೊದಲಿನ ಹಾಗೆ ಆಗುತ್ತೆ. ಆದರೆ ಅವರ ಎಲೆಗಳಲ್ಲಿ ಫಾರೋ ಕನಸು ಕಾಣಬೇಡಿ, ಬೆವರಿಗೆ ಅಂಚೆಲ್ಲ ಹತ್ತಿಯಾಗಿರುತ್ತೆ. ನಿಮ್ಮದೇ ಕಟ್ಟು ಒಯ್ಯಿರಿ.

ಗಂಜೀಫದ (ದುಂಡನೆ ಚಿತ್ರದೆಲೆಗಳ ಹಳೇ ಆಟ) ವಿಷಯದಲ್ಲಿ ಮಾತ್ರ ದುಡ್ಡು ಹೋಯ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದ ಮೈಸೂರು ಪಕ್ಕದಲ್ಲಿಟ್ಟುಕೊಂಡು ಅದನ್ನು ಬಿಡೋಕೆ ಮನಸ್ಸಾಗಲಿಲ್ಲ. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆ ಎಲೆ. ದುಂಡು ಎಲೆ ಮಾಡಿಸೋಕೆ ಒಂದು ಪ್ರೆಸ್‌ಗೆ ನಾಲ್ಕೂವರೆ ಸಾವಿರ ಕೊಟ್ಟೆ. ಬಂದ ಎಲೆ ಒಂದು ಒಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ದುಂಡಕ್ಕೆ ಮೂಲೆ ಇಲ್ಲ, ಕ್ರಿಂಪ್ ಎಲ್ಲಿ ಮಾಡ್ತೀರಿ? ಬ್ರೇಕ್ (ಎಲೆಗಳ ನಡುವೆ ಬೆರಳಿನಿಂದ ಹಿಡಿಯೋ ಸಂದು) ಹಿಡಿದರೆ ಜಾರುತ್ತೆ. ಡಬಲ್ ಲಿಫ್ಟ್ ಎತ್ತಿದರೆ ಹುಣ್ಣಿಮೆ ಚಂದ್ರನ ಹಿಂದೆ ಇನ್ನೊಂದು ಚಂದ್ರ ಇಣುಕುತ್ತೆ. ಆರು ತಿಂಗಳು ತಿಣುಕಾಡಿ ದುಂಡು ಎಲೆ ಬಿಟ್ಟೆ. ಆದರೆ ಅದರ ಒಂದು ನಿಯಮ ಇಟ್ಟುಕೊಂಡೆ: ಹಗಲಲ್ಲಿ ಆಡಿದರೆ ಆಟ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ. ಮಾಮೂಲಿ ಅಳತೆಯ ಎಲೆ ಮೇಲೆ ರಾಮ, ಕೃಷ್ಣರ ಚಿತ್ರ ಬರೆಸಿದೆ. ರಾಮನ ಎಲೆ ನೋಡಿ ಅಂಗೈ ಕೆಳಗೆ ಮುಚ್ಚಿಕೊಂಡ ಹುಡುಗಿ, ದೀಪ ಆರಿಸಿ ಹತ್ತಿಸೋದರೊಳಗೆ ಕೈ ಎತ್ತಿದರೆ ಕೃಷ್ಣ. ಕತ್ತಲಲ್ಲಿ ನಾನು ಹತ್ತಡಿ ದೂರ ನಿಂತಿರ್ತೀನಿ. ಕೆಲಸ ಯಾವಾಗ ಮುಗಿದಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಪ್ರೆಸ್‌ನ ಹಾಳು ಎಲೆಗಳೂ ವ್ಯರ್ಥವಾಗಲಿಲ್ಲ. ಕೂದಲೆಳೆ ದೊಡ್ಡದಾದ ಎಲೆ ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತಲ್ಲ, ಅದರಿಂದ ಇನ್ನೊಂದು ಟ್ರಿಕ್ ಬಂತು. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಲ್ಮ್‌ಸ್ಲಿ ಕೌಂಟ್ (ನಾಲ್ಕು ಎಲೆ ಎಣಿಸಿ ತೋರಿಸ್ತಾ ಒಂದನ್ನು ಬಚ್ಚಿಡೋ ಕೈಚಳಕ) ನನಗೆ ಹಿಡಿಸಿದ್ದು ಕಣದಲ್ಲಿ. ರಾಗಿ ಅಳೆಯೋರು 'ಒಂದು' ಅನ್ನೋಲ್ಲ, 'ಲಾಭ' ಅಂತಾರೆ. ಸೇರು ತುಂಬಿ ಚೀಲಕ್ಕೆ ಸುರಿಯೋತನಕ ಲಾಭ, ಲಾಭ, ಲಾಭ ಅಂತ ಅದನ್ನೇ ಎಳೀತಿರ್ತಾರೆ. ಮುಂದಿನ ಸೇರು ಬಂದಾಗಲೇ ಎರಡು, ಎರಡು, ಎರಡು. ಬಾಯಲ್ಲಿ ಲೆಕ್ಕ ನಿಂತಿರುತ್ತೆ, ಕೈ ಓಡ್ತಿರುತ್ತೆ. ನಾಲ್ಕು ಎಲೆಯನ್ನು ಅದೇ ರಾಗದಲ್ಲಿ ನಿಧಾನವಾಗಿ ಎಣಿಸಿ ನೋಡಿ. ಒಂದು ಎಲೆ ಎರಡು ಸಲ ಹೋಗಿದ್ದು, ಇನ್ನೊಂದು ಮುಖವನ್ನೇ ತೋರಿಸದೆ ಉಳಿದಿದ್ದು ಎದುರಿಗೆ ಕೂತ ರೈತನಿಗೂ ಗೊತ್ತಾಗೋಲ್ಲ, ಯಾಕಂದರೆ ಅವನ ಬಾಯಿ ನನ್ನ ಜೊತೆ ಎಣಿಸ್ತಿರುತ್ತೆ. ವೇಗ ಜಾಸ್ತಿ ಮಾಡಿದರೇ ಸಿಕ್ಕಿಬೀಳ್ತೀರಿ.

ನೋಟ್‌ಬುಕ್‌ನಲ್ಲಿ ಇನ್ನೂ ಹತ್ತಿಪ್ಪತ್ತು ಬಲಪುಟ ಖಾಲಿ ಇದಾವೆ. ಅದರಲ್ಲಿ ಒಂದು ನಿಮಗೇ ಕೊಡ್ತೀನಿ. ಇಪ್ಪತ್ತೆಂಟರಲ್ಲಿ ಇಷ್ಟು ಪಾಯಿಂಟು ಗೆಲ್ತೀನಿ ಅಂತ ಕೂಗಿದವನು ತುರುಫಿನ ಎಲೆ ಮಗುಚಿ ಇಡ್ತಾನೆ, ಇನ್ನೊಬ್ಬ ಕೇಳೋವರೆಗೂ ಅದು ತೆರೆಯೋ ಹಾಗಿಲ್ಲ. ಇಟ್ಟವನಿಗೆ ಮಾತ್ರ ಗೊತ್ತಿರೋ ಎಲೆ, ಮೂರು ಜನ ಅದರ ಮೇಲೇ ಕಣ್ಣಿಟ್ಟಿರ್ತಾರೆ. ಅದನ್ನು ಬದಲಾಯಿಸೋದು ಸುಲಭ, ಆದರೆ ಇಟ್ಟವನು 'ನಾನಿಟ್ಟಿದ್ದು ಇದಲ್ಲ' ಅಂತ ಆಟ ನಿಲ್ಲಿಸಿ ಜಗಳಕ್ಕೆ ಬರ್ತಾನೆ. ಇಟ್ಟವನೂ ಒಪ್ಪಿ, ಕೇಳಿದವನೂ ಬೆರಗಾಗಬೇಕು. ಮೂರು ದಾರಿ ಮಾಡಿ ನೋಡಿದೆ, ಮೂರರಲ್ಲೂ ಜಗಳವೇ ಆಯ್ತು. ಈಗ ಎಲೆಯನ್ನೇ ಮುಟ್ಟದೆ, ಅವನು ಕೂಗೋದಕ್ಕೆ ಮೊದಲೇ ಕೆಲಸ ಮುಗಿಸೋ ದಾರಿ ಹುಡುಕ್ತಿದೀನಿ.