ಬೆಳೆಗೆ ಒಂದು ಕೆ.ಜಿ. ಗೂಡು

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ರೇಷ್ಮೆ ಹುಳು ಸಾಕುತ್ತೇವೆ. ಹೈಸ್ಕೂಲು ಹತ್ತಿರದಲ್ಲೇ ಇದೆ. ಪಿಯುಸಿಗೆ ಪೇಟೆಗೇ ಹೋಗಬೇಕು. 2022ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೂವರು ಹುಡುಗಿಯರು ಕಾಲೇಜಿಗೆ ಸೇರಲೇ ಇಲ್ಲ. ಒಬ್ಬಳು ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಇನ್ನೊಬ್ಬಳು ನೂಲು ಬಿಚ್ಚುವ ಕಡೆ ಕೂಲಿಗೆ ಹೋದಳು. ಮೂರನೆಯವಳಿಗೆ ಗಂಡು ನೋಡಲು ಶುರು ಮಾಡಿದರು. ಹದಿನಾರು ವರ್ಷದ ಮಗು ಅದು. ಸುಮ್ನೆ ಇರೋಕೆ ನನ್ನಿಂದ ಆಗಲಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದ ಐದು ಜನ ಸೇರಿ ಇಂಥ ಹುಡುಗಿಯರನ್ನು ಕಾಲೇಜಿಗೆ ಕಳಿಸಲು ಹಣ ಕೂಡಿಸಲು ಹೊರಟೆವು.

ಮೊದಲು ಮನೆಗೆ ತಿಂಗಳಿಗೆ ನೂರು ರೂಪಾಯಿ ಅಂದೆವು. ಎರಡು ತಿಂಗಳು ಬಂತು, ಮೂರನೇ ತಿಂಗಳು ನಿಂತೇ ಹೋಯಿತು. ಒಬ್ಬ ಹಿರಿಯರು ಹೇಳಿದರು: "ನಮಗೇನು ತಿಂಗಳ ಸಂಬಳ ಬರುತ್ತೇನಮ್ಮಾ? ಗೂಡು ಮಾರ್ಕೆಟ್ಟಿಗೆ ಹಾಕಿದ ದಿನ ಬಂದು ಕೇಳು."

ನಾನೂ ಹುಳು ಸಾಕುವವಳೇ, ಆದರೂ ನನಗೆ ಇದು ಹೊಳೆದಿರಲಿಲ್ಲ. ಹುಳು ಹಣ್ಣಾಗಲು, ಅಂದರೆ ಗೂಡು ಕಟ್ಟುವ ಹಂತಕ್ಕೆ ಬರಲು, ಇಪ್ಪತ್ತೈದು ದಿನ ಬೇಕು. ಆಮೇಲೆ ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ, ಮಾರ್ಕೆಟ್ಟಿಗೆ ಹಾಕಬೇಕು. ಕೈಗೆ ದುಡ್ಡು ಸಿಗುವುದು ಆಗಲೇ. ಹಾಗಾಗಿ ಬೆಳೆಗೆ, ಅಂದರೆ ಒಂದು ಸಲ ಹುಳು ಸಾಕಿದ್ದಕ್ಕೆ, ಒಂದು ಕೆ.ಜಿ. ಗೂಡಿನ ಹಣ ಕೇಳಿದೆವು. ಹರಾಜಿನಲ್ಲಿ ಎಷ್ಟು ರೇಟು ಬಿತ್ತೋ ಅಷ್ಟು. ರೇಟು ಇಳಿದರೆ ನಮಗೂ ಕಡಿಮೆ. ಬೆಳೆ ಹೋದ ಮನೆಯಲ್ಲಿ ಕೇಳುವುದಿಲ್ಲ. ಆಮೇಲೆ ಯಾರೂ ನಮ್ಮನ್ನು ಕಂಡು ಮುಖ ತಿರುಗಿಸಲಿಲ್ಲ.

ಬೆಂಗಳೂರಿನಲ್ಲಿರುವ ಊರಿನವರಿಗೆ ಸಂಬಳ ಇದೆ, ಅವರಿಂದ ತಿಂಗಳಿಗೇ ಪಡೆಯುತ್ತೇವೆ. ಅಮೆರಿಕದ ಪೌರತ್ವ ಪಡೆದಿರುವ ಊರಿನ ಹುಡುಗನೊಬ್ಬ ದೊಡ್ಡ ಮೊತ್ತ ಕಳಿಸುತ್ತೇನೆ ಅಂದ. ಅಂಥ ಹಣ ಪಡೆಯಲು ಸಂಘಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು ಅಂತ ಆಡಿಟರ್ ಹೇಳಿದರು. ಬೇಡ ಅಂದುಬಿಟ್ಟೆವು.

ಒಂದು ತಪ್ಪು ಮಾಡಿದೆ, ಈಗಲೂ ನೋವಾಗುತ್ತದೆ. ಗಣೇಶನ ಹಬ್ಬದಲ್ಲಿ ಮೈಕಿನಲ್ಲಿ ಲೆಕ್ಕ ಓದುವಾಗ ಹುಡುಗಿಯರ ಹೆಸರೂ ಓದಿದೆ. ಮಾರನೆಯ ದಿನ ಒಬ್ಬಳ ಅಪ್ಪ ಕಾಲೇಜು ಬಿಡಿಸಿದರು. "ಊರವರ ದುಡ್ಡಲ್ಲಿ ಮಗಳನ್ನು ಓದಿಸ್ತಾನೆ ಅನ್ನಿಸ್ಕೋಬೇಕಾ ಅಕ್ಕಾ?" ಅಂದರು. ಅವರದೇನು ತಪ್ಪು? ಎರಡು ವಾರ ಅವರ ಮನೆಗೆ ನಡೆದು, ಕ್ಷಮೆ ಕೇಳಿ, ಮತ್ತೆ ಕಳಿಸುವಂತೆ ಮಾಡಿದೆವು. ಅಷ್ಟೂ ದಿನದ ಪಾಠ ಆ ಹುಡುಗಿಗೆ ತಪ್ಪಿಹೋಯಿತು. ಈಗ ಹಾಲಿನ ಡೈರಿ ಹತ್ತಿರ ಬಂದದ್ದೆಷ್ಟು, ಖರ್ಚೆಷ್ಟು ಅಂತ ಮಾತ್ರ ಓದುತ್ತೇವೆ.

ಖರ್ಚು ಜಾಸ್ತಿ ಆಗುವುದು ಫೀಸಿಗಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ ಚಾರ್ಜೂ ಉಳಿಯಿತು. ಆದರೆ ಸೈನ್ಸ್ ಓದುವವರಿಗೆ ಲ್ಯಾಬ್ ಮುಗಿಯುವಷ್ಟರಲ್ಲಿ ನಮ್ಮೂರ ಬಸ್ಸು ಹೋಗಿರುತ್ತದೆ. ಕ್ರಾಸಿನಲ್ಲಿ ಇಳಿದು ಕತ್ತಲಲ್ಲಿ ನಡೆಯಬೇಕು ಅಂದರೆ ಯಾವ ತಾಯಿ ಕಳಿಸುತ್ತಾಳೆ? ಊರಿನ ಆಟೋವನ್ನೇ ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿದ್ದೇವೆ. ಅರ್ಧ ಹಣ ಅದಕ್ಕೇ ಹೋಗುತ್ತದೆ. ಕೊಟ್ಟಷ್ಟೂ ಸಾರ್ಥಕ ಅನ್ನುತ್ತೇನೆ ನಾನು.

ಬೇಸಿಗೆಯಲ್ಲಿ ಬೋರು ಬತ್ತಿ ಸೊಪ್ಪು ಸಾಲುವುದಿಲ್ಲ. ಕಾಲೇಜಿಗೆ ಸೇರಿಸುವ ಹೊತ್ತೂ ಅದೇ. ಅದಕ್ಕೇ ಸಂಕ್ರಾಂತಿ ಸಮಯದ ಬೆಳೆಯ ಹಣ ಮುಟ್ಟದೆ ಎತ್ತಿಡುತ್ತೇವೆ. ಈ ಸಲ ಅದು ಮೂವರಿಗೆ ಸಾಲುತ್ತದೆ, ಸೇರಬೇಕಾದವರು ನಾಲ್ವರು. ನಾಳೆ ಕೆಳಗಿನ ಬೀದಿಯ ಎರಡು ಮನೆಯವರು ಗೂಡು ಹಾಕಲು ಹೋಗುತ್ತಿದ್ದಾರೆ. ಸಂಜೆ ಹೋಗಿ ಕೇಳಬೇಕು.