ಹೊಸ ಇ-ಬುಕ್ ರೀಡರ್ ಬಂದಿದೆ, ಕೊಳ್ಳಬೇಕಾ?

ಅಮೆಜಾನ್ ಕಂಪನಿಯ ಇ-ಬುಕ್ ರೀಡರ್ ಕಿಂಡಲ್ ಪೇಪರ್‌ವೈಟ್‌ನ 12ನೇ ಪೀಳಿಗೆ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಇಟ್ಟಿದ್ದ ಬೆಲೆ 16,999 ರೂಪಾಯಿ. ಒಂದು ಕನ್ನಡ ಕಾದಂಬರಿಗೆ 250 ರೂಪಾಯಿ ಅಂತ ಹಿಡಿದರೆ ಆ ದುಡ್ಡಿಗೆ 68 ಪುಸ್ತಕ ಬರುತ್ತವೆ. ಒಂದು ರೂಪಾಯಿ ಕಮ್ಮಿ ಬೀಳುತ್ತದೆ, ಅಂಗಡಿಯವರು ಬಿಟ್ಟಾರು.

ಇ-ಪುಸ್ತಕ ಅಗ್ಗ, ಹಾಗಾಗಿ ರೀಡರ್ ಕೊಂಡರೆ ಉಳಿತಾಯ ಅನ್ನುವವರಿದ್ದಾರೆ. ಪ್ರತಿ ಪುಸ್ತಕಕ್ಕೆ 100 ರೂಪಾಯಿ ಉಳಿದರೂ ಹಾಕಿದ ದುಡ್ಡು ವಾಪಸ್ ಬರಲು 170 ಪುಸ್ತಕ ಓದಬೇಕು. ತಿಂಗಳಿಗೊಂದು ಓದುವವರಿಗೆ ಹದಿನಾಲ್ಕು ವರ್ಷ ಹಿಡಿಯುತ್ತದೆ. ಆ ಲೆಕ್ಕ ಬಿಡಿ. ಬೇರೆ ಲೆಕ್ಕ ಹಾಕೋಣ.

ಹೆಜ್ಜೆ 1: ಓದಿದ್ದನ್ನು ಪಟ್ಟಿ ಮಾಡಿ

ಒಂದು ಹಾಳೆ ತಗೊಂಡು ಕಳೆದ ವರ್ಷ ಓದಿ ಮುಗಿಸಿದ ಪುಸ್ತಕಗಳ ಹೆಸರು ಬರೆಯಿರಿ. ಕೊಂಡಿದ್ದಲ್ಲ, ಮುಗಿಸಿದ್ದು. ಪ್ರತಿ ಹೆಸರಿನ ಮುಂದೆ ಅದು ಇಂಗ್ಲಿಷ್ ಪುಸ್ತಕವೋ, ಕನ್ನಡದ್ದೋ, ಸ್ಕ್ಯಾನ್ ಮಾಡಿದ ಪಿಡಿಎಫೋ ಅಂತ ಗುರುತು ಹಾಕಿ. ಅರ್ಧ ನಿರ್ಧಾರ ಇಲ್ಲೇ ಆಗಿಬಿಡುತ್ತದೆ. ಪಟ್ಟಿ ತುಂಬಾ ಇಂಗ್ಲಿಷ್ ಇದ್ದರೆ ಹೆಚ್ಚು ಯೋಚನೆ ಬೇಡ, 5ನೇ ಹೆಜ್ಜೆಗೆ ಹೋಗಿ. ಅರ್ಥ ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟರೆ ನಿಘಂಟು ತೆರೆದುಕೊಳ್ಳುತ್ತದಲ್ಲ, ಇಂಗ್ಲಿಷ್ ಓದುವವರಿಗೆ ಆ ಒಂದು ಸುಖಕ್ಕೇ ದುಡ್ಡು ಕೊಡಬಹುದು ಅನ್ನಿಸುತ್ತದೆ ನನಗೆ. ಕನ್ನಡವೇ ಜಾಸ್ತಿ ಇದ್ದರೆ ಸ್ವಲ್ಪ ತಾಳಿ.

ಹೆಜ್ಜೆ 2: ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ ನೋಡಿ

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ಪಕ್ಕದ ತೆಲುಗೂ ಇರಲಿಲ್ಲ. ಹಾಗಾಗಿ ಕಿಂಡಲ್ ಕೊಳ್ಳುವ ಮುಂಚೆ ಅದರ ಅಂಗಡಿಗೆ ಹೋಗಿ, ನೀವು ಮುಂದೆ ಓದಬೇಕು ಅಂದುಕೊಂಡ ಐದು ಕನ್ನಡ ಪುಸ್ತಕಗಳ ಹೆಸರು ಹುಡುಕಿ. ಎಷ್ಟು ಸಿಕ್ಕವು?

ಕನ್ನಡ ಇ-ಪುಸ್ತಕಗಳು ಇಲ್ಲವೇ ಇಲ್ಲ ಅಂತಲ್ಲ. ಮೈಲ್ಯಾಂಗ್ ಆ್ಯಪ್‌ನಲ್ಲಿವೆ, ಗೂಗಲ್ ಪ್ಲೇ ಬುಕ್ಸ್‌ನಲ್ಲಿವೆ. ಆದರೆ ಆ್ಯಪ್‌ನಲ್ಲಿ ಕೊಂಡ ಪುಸ್ತಕವನ್ನು ಸಾಮಾನ್ಯವಾಗಿ ಆ ಆ್ಯಪ್ ಒಳಗೇ ಓದಬೇಕು, ಮತ್ತು ಕಿಂಡಲ್ ಒಳಗೆ ಬೇರೆ ಆ್ಯಪ್ ಹಾಕಲು ಬರುವುದಿಲ್ಲ. ನಿಮ್ಮ ಹತ್ತಿರ ಪುಸ್ತಕ ಇರುತ್ತದೆ, ರೀಡರೂ ಇರುತ್ತದೆ, ಒಂದರೊಳಗೆ ಇನ್ನೊಂದು ಹೋಗುವುದಿಲ್ಲ. ಇಂಥವರು ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದ ಹಾಗೆ ಕಾಣುವ ಪರದೆಯ) ರೀಡರ್ ನೋಡಬೇಕು. ಓನಿಕ್ಸ್ ಕಂಪನಿಯ ಬೂಕ್ಸ್ ಆ ಜಾತಿಯದ್ದು, ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಿಕೊಳ್ಳಬಹುದು. ಫೋನಿನಷ್ಟು ಚುರುಕಾಗಿ ಓಡುತ್ತದೆ ಅಂತ ಮಾತ್ರ ಕಾಯಬೇಡಿ. ಇ-ಇಂಕ್ ಪರದೆಯೊಳಗೆ ಕಪ್ಪು-ಬಿಳಿ ಕಣಗಳು ನಿಜವಾಗಿಯೂ ಮೇಲೆ ಕೆಳಗೆ ಓಡಾಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಸರಸರ ಸ್ಕ್ರೋಲ್ ಮಾಡಿದರೆ ಹಿಂದಿನ ಪುಟದ ನೆರಳು ಉಳಿಯುತ್ತದೆ.

ಹೆಜ್ಜೆ 3: ಒತ್ತಕ್ಷರದ ಪರೀಕ್ಷೆ

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆದಾಗ, ಅಕ್ಷರ ದೊಡ್ಡದು ಮಾಡಿಕೊಂಡು ಓದಲಿ ಅಂತ ಒಂದು ರೀಡರ್ ತಂದುಕೊಟ್ಟೆ. ಕಂಪನಿ ಹೆಸರು ಬೇಡ. ಕನ್ನಡ ಫೈಲ್ ಹಾಕಿ ಕೈಗಿಟ್ಟರೆ ಎರಡು ನಿಮಿಷ ನೋಡಿ, "ಏನೋ ಇದು, ಒತ್ತುಗಳನ್ನೆಲ್ಲ ಕಿತ್ತು ಸಾಲಾಗಿ ನಿಲ್ಲಿಸಿದಾರಲ್ಲೋ" ಅಂದರು. ನೋಡಿದರೆ 'ಸ್ತ್ರೀ' ಹೋಗಿ 'ಸ್‌ತ್‌ರೀ' ಆಗಿತ್ತು. ಇಡೀ ಪುಸ್ತಕ ಹಾಗೇ. ಅಪ್ಪ ಮರುದಿನದಿಂದ ಮತ್ತೆ ಭೂತಗನ್ನಡಿ ಹಿಡಿದರು, ನಾನು ಆ ರೀಡರನ್ನು ತಮ್ಮನಿಗೆ ಸಾಗಹಾಕಿದೆ.

ಒಳ್ಳೆ ಫಾಂಟ್ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅದು ಅರ್ಧ ನಿಜ. ಫಾಂಟ್ ಕೊಡುವುದು ಅಕ್ಷರಗಳ ಆಕಾರ. ಯಾವ ಒತ್ತು ಎಲ್ಲಿ ಕೂರಬೇಕು, ಅರ್ಕಾವತ್ತು ಯಾವ ಅಕ್ಷರದ ಆಚೆ ಹೋಗಬೇಕು ಅಂತ ಜೋಡಿಸುವುದು ರೀಡರ್ ಒಳಗಿನ ಸಾಫ್ಟ್‌ವೇರ್. ಅದಕ್ಕೆ ಕನ್ನಡ ಬರದಿದ್ದರೆ ನೀವು ನೋಟೋ ಸೆರಿಫ್ ಹಾಕಿದರೂ ಅಷ್ಟೇ, ತುಂಗಾ ಹಾಕಿದರೂ ಅಷ್ಟೇ.

ಅದಕ್ಕೇ ಒಂದು ಸಣ್ಣ ಫೈಲ್ ಮಾಡಿಕೊಳ್ಳಿ. ಅದರಲ್ಲಿ ಸ್ತ್ರೀ, ರಾಷ್ಟ್ರೀಯ, ಸ್ವಾತಂತ್ರ್ಯ, ಲಕ್ಷ್ಮಿ, ಕರ್ಮ, ಜ್ಞಾನ, ಕೈ ಇಷ್ಟು ಪದ ಟೈಪ್ ಮಾಡಿ, ಇಪಬ್ (ಇ-ಪುಸ್ತಕದ ಫೈಲ್) ಮಾಡಿ ಇಟ್ಟುಕೊಳ್ಳಿ. ಗೆಳೆಯರಲ್ಲಿ ಯಾರ ಬಳಿಯಾದರೂ ನೀವು ನೋಡುತ್ತಿರುವ ಮಾದರಿ ಇದ್ದರೆ ಕಳಿಸಿ, ಪರದೆಯ ಫೋಟೋ ತರಿಸಿಕೊಳ್ಳಿ. ಯಾರೂ ಇಲ್ಲವೆಂದರೆ ವಾಪಸ್ ತಗೊಳ್ಳುವ ಕಡೆಯೇ ಕೊಂಡು, ಬಂದ ದಿನವೇ ಈ ಪರೀಕ್ಷೆ ಮಾಡಿ. ಡಬ್ಬ ಬಿಸಾಡಬೇಡಿ.

ಇನ್ನೊಂದು ಮಾತು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ನಿಮ್ಮ ಹಳೇ ಫೈಲ್‌ಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತದಲ್ಲಿ, ಇಲ್ಲದಿದ್ದರೆ ಯಾವ ರೀಡರ್‌ನಲ್ಲೂ ಕನ್ನಡ ಕಾಣುವುದಿಲ್ಲ, ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಅದು ರೀಡರ್ ತಪ್ಪಲ್ಲ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಹೆಜ್ಜೆ 4: ಪಿಡಿಎಫ್ ಓದುವವರು ಸ್ಕೇಲ್ ಹಿಡಿಯಿರಿ

ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಅವು ಚಿತ್ರಗಳು, ಅಕ್ಷರ ಮಾತ್ರ ದೊಡ್ಡದು ಮಾಡಲು ಬರುವುದಿಲ್ಲ. ನಮ್ಮ ಪುಸ್ತಕಗಳ ಮೊದಲ ಪುಟಗಳಲ್ಲಿ ಡೆಮಿ 1/8 ಅಂತ ಬರೆದಿರುತ್ತಾರಲ್ಲ, ಆ ಅಳತೆ ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಮೂಲೆಯಿಂದ ಮೂಲೆಗೆ ಹತ್ತು ಇಂಚು. ಪೇಪರ್‌ವೈಟ್ ಪರದೆ ಮೂಲೆಯಿಂದ ಮೂಲೆಗೆ 7 ಇಂಚು. ಅಂದರೆ 12 ಪಾಯಿಂಟ್ ಅಕ್ಷರ ಸುಮಾರು 8 ಪಾಯಿಂಟ್‌ಗೆ ಇಳಿಯುತ್ತದೆ, ಅದೂ ಒತ್ತುಗಳ ಸಮೇತ. ಸುತ್ತಲಿನ ಬಿಳಿ ಜಾಗ ಕತ್ತರಿಸಿದರೆ ಒಂಚೂರು ಸುಧಾರಿಸೀತು. ಸಂಶೋಧನೆ ಮಾಡುವವರು, ಹಳೇ ಪುಸ್ತಕದ ಹುಚ್ಚಿನವರು 10 ಇಂಚಿನ ರೀಡರ್‌ಗೆ ಹೋಗಬೇಕು, ಇಲ್ಲವೇ ಇರುವ ಟ್ಯಾಬ್‌ನಲ್ಲೇ ಓದಬೇಕು.

ಹೆಜ್ಜೆ 5: 'ಹೊಸದು' ಅಂದರೆ ಏನು ಹೊಸದು?

ಅಕ್ಷರ ಎಷ್ಟು ಸ್ಪಷ್ಟ ಅನ್ನುವುದು ಇಂಚಿಗೆ ಎಷ್ಟು ಚುಕ್ಕಿ ಅನ್ನುವುದರ ಮೇಲೆ. ಪೇಪರ್‌ವೈಟ್‌ಗೆ 300 ಚುಕ್ಕಿ ಬಂದಿದ್ದು 2015ರಲ್ಲಿ. ಹೊಸದರಲ್ಲೂ 300. 2018ರ ಮಾದರಿಗೆ ನೀರು ತಡೆಯುವ ಗುಣ ಬಂತು, 2021ರಲ್ಲಿ ಹಳದಿ ಬೆಳಕು ಮತ್ತು ಟೈಪ್-ಸಿ ಚಾರ್ಜರ್, 2024ರಲ್ಲಿ 6.8 ಇಂಚು ಹೋಗಿ 7 ಇಂಚು ಆಯಿತು, ಪುಟ ಇನ್ನಷ್ಟು ಬೇಗ ತಿರುಗುತ್ತದೆ. ಅಷ್ಟೇ. ಮನೆಯಲ್ಲಿ 2018ರದ್ದೋ 2021ರದ್ದೋ ಇದ್ದರೆ ಬದಲಾಯಿಸುವ ಅವಸರ ನನಗಂತೂ ಕಾಣುವುದಿಲ್ಲ. ಹಳೆಯದನ್ನು ಬೇರೆಯವರಿಂದ ಕೊಳ್ಳುವುದಾದರೆ, ಅವರು ತಮ್ಮ ಖಾತೆಯಿಂದ ಅದನ್ನು ತೆಗೆದಿದ್ದಾರಾ ನೋಡಿ, ನಿಮ್ಮ ಖಾತೆಗೆ ಅವರ ಎದುರೇ ಸೇರಿಸಿ, ಆಮೇಲೆ ದುಡ್ಡು ಕೊಡಿ.

ಬ್ಯಾಟರಿ 12 ವಾರ ಬರುತ್ತದೆ ಅನ್ನುವ ಮಾತಿನ ಕೆಳಗೆ ಸಣ್ಣಕ್ಷರ ಇರುತ್ತದೆ: ದಿನಕ್ಕೆ ಅರ್ಧ ಗಂಟೆ, ವೈಫೈ ಬಂದ್, ಬೆಳಕಿನ ಮಟ್ಟ 13ಕ್ಕೆ. ಕೂಡಿಸಿದರೆ 42 ಗಂಟೆ. ಕಮ್ಮಿಯೇನಲ್ಲ, ಆದರೆ ದಿನಕ್ಕೆ ಎರಡು ಗಂಟೆ ಓದುವವರಿಗೆ ಅದು ಮೂರು ವಾರ.

ಹೊಸ ಮಾದರಿ ಬಂದ ಮೊದಲ ತಿಂಗಳು ಅದನ್ನು ಕೊಳ್ಳದಿರುವುದು ಒಳ್ಳೆಯದು. 2024ರ ಅಕ್ಟೋಬರ್‌ನಲ್ಲಿ ಬಣ್ಣದ ಕಿಂಡಲ್ ಕಲರ್‌ಸಾಫ್ಟ್ ಬಂದಾಗ ಕೆಲವರ ಪರದೆಯ ಕೆಳಗೆ ಹಳದಿ ಪಟ್ಟಿ ಕಾಣಿಸಿತು, ಕಂಪನಿ ಅದನ್ನು ಸರಿಪಡಿಸಬೇಕಾಯಿತು. ಕಾದವರಿಗೆ ಆ ಗೋಳು ಇರಲಿಲ್ಲ. ಬಣ್ಣದ ಪರದೆಯಲ್ಲಿ ಬಣ್ಣಕ್ಕೆ ಸಿಗುವುದು 150 ಚುಕ್ಕಿ ಮಾತ್ರ, ಇದೂ ಗೊತ್ತಿರಲಿ.

ಹೆಜ್ಜೆ 6: ಪುಸ್ತಕ ಯಾರದ್ದು?

2009ರಲ್ಲಿ ಅಮೆಜಾನ್, ಹಕ್ಕಿನ ತಕರಾರು ಬಂತು ಅಂತ ಜನರು ಕೊಂಡಿದ್ದ ಕೆಲವು ಪುಸ್ತಕಗಳನ್ನು ಅವರ ಕಿಂಡಲ್‌ನಿಂದಲೇ ಅಳಿಸಿತು, ದುಡ್ಡು ವಾಪಸ್ ಕೊಟ್ಟಿತು. 2025ರ ಫೆಬ್ರವರಿ 26ರಿಂದ ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ವೈರ್ ಮೂಲಕ ಹಾಕುವ ಸೌಲಭ್ಯವನ್ನೂ ತೆಗೆಯಿತು. ನಿಮ್ಮದೇ ಇಪಬ್ ಇದ್ದರೆ ಈಗಲೂ ಕಳಿಸಿಕೊಳ್ಳಬಹುದು. ಓದಿದ ಮೇಲೆ ಅಕ್ಕನಿಗೂ ಓದಲು ಕೊಡುವ ಅಭ್ಯಾಸ ಇರುವವರು ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಹೆಜ್ಜೆ 7: ಹದಿನೈದು ದಿನ ಫೋನಿನಲ್ಲಿ

ಇದು ಬಿಟ್ಟಿ. ಫೋನಿಗೆ ಕಿಂಡಲ್ ಆ್ಯಪ್ಪೋ ಬೇರೆ ಯಾವುದೋ ಹಾಕಿ, 200 ಪುಟದ ಒಂದು ಪುಸ್ತಕ ಶುರು ಮಾಡಿ. ಕಣ್ಣು ಉರಿಯುತ್ತದೆ, ನಡುವೆ ಮೆಸೇಜ್ ಬಂದು ಓದು ಕೆಡುತ್ತದೆ, ಆದರೂ ಮುಗಿಸಿದಿರಿ ಅಂದರೆ ರೀಡರ್ ನಿಮಗೆ ದಕ್ಕುತ್ತದೆ. ಇಪ್ಪತ್ತನೇ ಪುಟಕ್ಕೇ ನಿಂತಿತೋ, ದಸರಾ ಸೇಲ್‌ವರೆಗೆ ಸುಮ್ನೆ ಇರಿ.

ನಾನಂತೂ ಈ ಸಲ ಕೊಳ್ಳಲಿಲ್ಲ. ತಮ್ಮನ ಮನೆಗೆ ಹೋದಾಗ ಅಪ್ಪನ ಆ ರೀಡರ್ ಅವನ ಮಗಳ ಕೈಯಲ್ಲಿತ್ತು, ಇಂಗ್ಲಿಷ್ ಪತ್ತೇದಾರಿ ಕತೆಯೊಂದರ ನಡುವೆ ಇದ್ದಳು, ಕರೆದರೂ ತಿರುಗಿ ನೋಡಲಿಲ್ಲ.